ಸ್ಯಾಮ್ಯುಯೆಲ್ ಲ್ಯಾಂಗ್ಲಿ

ಜೋಳದ ಹೊಲದಲ್ಲಿ ಅಟ್ಟಣೆಯೇರಿ, ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವುದು ನಮ್ಮ ಹೊಳಲ್ಕೆರೆ ಸೀಮೆಯ ಹಿರಿಯರಿಗೆ ಗೊತ್ತು. ಹಕ್ಕಿಯನ್ನೇ ಕವಣೆಯಿಂದ ಹಾರಿಸಹೊರಟವನು ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ.

1834ರ ಆಗಸ್ಟ್ 22ರಂದು ಬಾಸ್ಟನ್ ಬಳಿಯ ರಾಕ್ಸ್‌ಬರಿಯಲ್ಲಿ ಜನಿಸಿದ ಈತನು ಹೈಸ್ಕೂಲಿನಾಚೆಗೆ ಓದಿದವನಲ್ಲ. (ಕಾಲೇಜು ಸಂಚಿಕೆಯಲ್ಲಿ ಇದನ್ನು ಬರೆಯಬಾರದೇನೋ!) ಆದರೂ ಖಗೋಳ ವೀಕ್ಷಣಾಲಯದ ನಿರ್ದೇಶಕನಾದನು, ಸೂರ್ಯನ ಶಾಖವನ್ನಳೆಯುವ ಬೋಲೋಮೀಟರನ್ನು ರಚಿಸಿ ಕೀರ್ತಿ ಪಡೆದನು, 1887ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾದನು.

ವಿಮಾನವು ಮೇಲೇಳಬೇಕಾದರೆ ರೆಕ್ಕೆಗೆ ಗಾಳಿಯು ವೇಗವಾಗಿ ತಾಗಬೇಕು. ಆ ವೇಗಕ್ಕೆ ಉದ್ದನೆಯ ಓಟ ಬೇಕು. ಓಡಲು ಎಡೆಯೇ ಇಲ್ಲದಿದ್ದರೆ? ಲ್ಯಾಂಗ್ಲಿಯು ಪೊಟೊಮ್ಯಾಕ್ ನದಿಯಲ್ಲಿ ದೋಣಿಮನೆಯೊಂದನ್ನು ನಿಲ್ಲಿಸಿ, ಅದರ ಮಾಡಿನ ಮೇಲೆ ಹಳಿ ಹಾಸಿ, ಬಿಗಿದ ಸ್ಪ್ರಿಂಗು ಗಾಡಿಯೊಂದನ್ನು ಎಳೆಯುವಂತೆ ಮಾಡಿದನು. ಹಳಿಯ ತುದಿಯಲ್ಲಿ ಗಾಡಿಯು ನಿಲ್ಲುವುದು. ಮೇಲಿದ್ದ ವಿಮಾನವು ಮುಂದಕ್ಕೆ ಚಿಮ್ಮುವುದು. 1896ರ ಮೇ 6ರಂದು ಆಳಿಲ್ಲದ ಪುಟ್ಟ ಉಗಿವಿಮಾನವೊಂದು ಹೀಗೆ ಚಿಮ್ಮಿ ಸುಮಾರು ಒಂದು ಕಿಲೋಮೀಟರು ಹಾರಿತು.

ಆಳನ್ನು ಹೊರುವ ವಿಮಾನಕ್ಕಾಗಿ ಯುದ್ಧ ಇಲಾಖೆಯು 50,000 ಡಾಲರು ಕೊಟ್ಟಿತು. 1903ರ ಅಕ್ಟೋಬರ್ 7ರಂದು ಸಹಾಯಕ ಚಾರ್ಲ್ಸ್ ಮ್ಯಾನ್ಲಿಯು ಏರಿ ಕುಳಿತನು. 52 ಅಶ್ವಶಕ್ತಿಯ ಎಂಜಿನು ಮೊರೆಯಿತು, ಕವಣೆ ಚಿಮ್ಮಿಸಿತು, ವಿಮಾನವು ನೇರವಾಗಿ ನದಿಗೆ ಬಿದ್ದಿತು! ಡಿಸೆಂಬರ್ 8ರಂದೂ ಅದೇ ಗತಿ. ಕೊರೆಯುವ ನೀರಿನಿಂದ ಮ್ಯಾನ್ಲಿಯು ಬದುಕಿ ಬಂದುದೇ ಪುಣ್ಯ. ವಿಮಾನವು ಕವಣೆಗೆ ಸಿಕ್ಕಿಕೊಂಡಿತೆಂದು ಲ್ಯಾಂಗ್ಲಿಯ ವಾದ. ಅದರ ಕಟ್ಟೇ ದುರ್ಬಲವೆಂದು ಇತರರ ಮತ. ಎರಡನೆಯದೇ ಸರಿಯೆಂದು ನನಗೆ ತೋರುತ್ತದೆ. ಪುಟ್ಟ ಮಾದರಿಯನ್ನು ಹಿಗ್ಗಿಸಿದರೆ ಬಲವೂ ತಾನಾಗಿ ಹಿಗ್ಗುವುದಿಲ್ಲ.

ಒಂಬತ್ತೇ ದಿನಗಳಲ್ಲಿ ರೈಟ್ ಸಹೋದರರು ಕವಣೆಯಿಲ್ಲದೆ ಹಾರಿದರು. (ಮರುವರ್ಷ ಅವರೂ ಭಾರದ ಗುಂಡನ್ನು ಕೆಳಗೆ ಬೀಳಿಸಿ ವಿಮಾನವನ್ನೆಳೆಯುವ ಕವಣೆಯನ್ನೇ ಹೂಡಿದರೆನ್ನಿ.) ಪತ್ರಿಕೆಗಳು ಲ್ಯಾಂಗ್ಲಿಯನ್ನು ಗೇಲಿಮಾಡಿದವು. ಮುದುಕನು ಮತ್ತೆ ಆ ಕೆಲಸಕ್ಕೆ ಕೈಹಾಕಲಿಲ್ಲ. 1906ರ ಫೆಬ್ರವರಿ 27ರಂದು ತೀರಿಕೊಂಡನು.

1920ರಲ್ಲಿ ಅಮೆರಿಕದ ನೌಕಾಪಡೆಯು ತನ್ನ ಮೊದಲ ವಿಮಾನವಾಹಕ ಹಡಗಿಗೆ ಆತನ ಹೆಸರನ್ನೇ ಇಟ್ಟಿತು. 1922ರ ನವೆಂಬರ್ 18ರಂದು ಅದರ ಮೇಲಿಂದ ಕೆನೆತ್ ವೈಟಿಂಗನ ವಿಮಾನವನ್ನು ಕವಣೆಯೇ ಚಿಮ್ಮಿಸಿತು. ಈ ಸಲ ಸ್ಪ್ರಿಂಗಿಗೆ ಬದಲಾಗಿ ಒತ್ತಿ ತುಂಬಿದ ಗಾಳಿ. ಮುಂದೆ ಗಾಳಿಯ ಬದಲು ಬಾಯ್ಲರಿನ ಉಗಿ ಬಂದಿತು; 1971ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ನಮ್ಮ ವಿಕ್ರಾಂತದಿಂದ ಸೀ ಹಾಕ್ ವಿಮಾನಗಳನ್ನು ಹಾರಿಸಿದ್ದು ಉಗಿಯ ಕವಣೆ. ಲ್ಯಾಂಗ್ಲಿ ಹಡಗು ಅಷ್ಟು ಕಾಲ ಬಾಳಲಿಲ್ಲ. 1942ರಲ್ಲಿ ಜಾವಾದ ದಕ್ಷಿಣಕ್ಕೆ ಜಪಾನೀ ಬಾಂಬುಗಳಿಂದ ಜಖಂಗೊಂಡ ಅದನ್ನು ಜೊತೆಯ ಹಡಗುಗಳೇ ಮುಳುಗಿಸಿದವು. ಅಂದೂ ಫೆಬ್ರವರಿ 27.