ಸುಟ್ಟುಹೋದ ಪುಸ್ತಕಭಂಡಾರವೂ ಜಾರ್ಜ್ ವಿಟ್‌ಫೀಲ್ಡ್ ಅಯ್ಯನವರೂ

ಜಾರ್ಜ್ ವಿಟ್‌ಫೀಲ್ಡ್ ಅಯ್ಯನವರ ಹೆಸರನ್ನು ನಮ್ಮ ಸಭೆಗಳಲ್ಲಿ ಅನೇಕರು ಕೇಳಿರುವರು. ಬಯಲಿನಲ್ಲಿ ನಿಂತು ಸಾವಿರಾರು ಜನರಿಗೆ ಸುವಾರ್ತೆಯನ್ನು ಸಾರಿದವರೆಂದು ಅವರ ಕೀರ್ತಿಯು ದೂರದೂರಕ್ಕೆ ಹಬ್ಬಿದೆ. ಆದರೆ ತಮ್ಮನ್ನು ಬಹಿರಂಗವಾಗಿ ಖಂಡಿಸಿದ ಒಂದು ಕಾಲೇಜಿನ ಪುಸ್ತಕಭಂಡಾರವು ಬೆಂಕಿಗೆ ತುತ್ತಾದಾಗ, ಅದನ್ನು ತಿರಿಗಿ ತುಂಬಿಸುವದಕ್ಕಾಗಿ ಅವರು ಧನವಂತರ ಮುಂದೆ ಕೈಯೊಡ್ಡಿದ ಸಂಗತಿಯನ್ನು ಬಲ್ಲವರು ಸ್ವಲ್ಪ ಮಂದಿ. ಅವರ ಜೀವಿತದ ಆ ಭಾಗವನ್ನು ವಿಶೇಷವಾಗಿ ಇಲ್ಲಿ ವಿವರಿಸುವೆವು.

ವಿಟ್‌ಫೀಲ್ಡ್ ಅಯ್ಯನವರು 1714ನೇ ಇಸವಿ ದಶಂಬರ 16ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಹುಟ್ಟಿದರು. ಅವರ ಮನೆಯವರು ದಾರಿಗರು ಇಳುಕೊಳ್ಳುವ ಒಂದು ವಸತಿಗೃಹವನ್ನು ನಡಿಸುತ್ತಿದ್ದರು. ಎರಡು ವರುಷದ ಕೂಸಾಗಿರುವಾಗಲೇ ತಂದೆಯು ತೀರಿಹೋದದರಿಂದ ಮನೆಯಲ್ಲಿ ಬಡತನ ಹೊಕ್ಕಿತು. ಹುಡುಗನು ಕೆಲವು ಕಾಲ ಶಾಲೆಯನ್ನು ಬಿಟ್ಟು ಅದೇ ವಸತಿಗೃಹದಲ್ಲಿ ನೆಲ ತೊಳೆಯುವ ಕೆಲಸ ಮಾಡಿದನು. 1732ರಲ್ಲಿ ಆಕ್ಸ್‌ಫರ್ಡ್ ಪಟ್ಟಣದ ಪೆಂಬ್ರೋಕ್ ಕಾಲೇಜನ್ನು ಸೇರಿದಾಗಲೂ ಹಣ ಕೊಟ್ಟು ಕಲಿಯುವ ಶಕ್ತಿ ಇರಲಿಲ್ಲ. ಧನವಂತರಾದ ವಿದ್ಯಾರ್ಥಿಗಳಿಗೆ ಸೇವಕನಾಗಿ ದುಡಿದು ತನ್ನ ವಿದ್ಯೆಯನ್ನು ಸಂಪಾದಿಸಬೇಕಾಯಿತು.

ಅಲ್ಲಿ ಚಾರ್ಲ್ಸ್ ವೆಸ್ಲಿಯವರ ಪರಿಚಯವಾಯಿತು. ಅವರು ಈ ಬಡ ವಿದ್ಯಾರ್ಥಿಗೆ ಕೆಲವು ಪುಸ್ತಕಗಳನ್ನು ಓದಲು ಕೊಟ್ಟರು. ಅವುಗಳಲ್ಲಿ ಸ್ಕಾಟ್ಲೆಂಡಿನ ಹೆನ್ರಿ ಸ್ಕೂಗಲ್ ಎಂಬವರು ಬರೆದ ಚಿಕ್ಕ ಗ್ರಂಥವೊಂದಿತ್ತು. ದೇವಭಕ್ತಿ ಅಂದರೆ ಹೊರಗಿನ ಆಚಾರವಲ್ಲ, ಆತ್ಮದೊಳಗೆ ದೇವರ ಜೀವವೇ ಎಂಬ ಬೋಧನೆಯನ್ನು ಅದರಲ್ಲಿ ಓದಿದ ಮೇಲೆ ವಿಟ್‌ಫೀಲ್ಡರ ಮನಸ್ಸು ಬೇರೆ ದಾರಿ ಹಿಡಿಯಿತು. ಕೊಂಡ ಪುಸ್ತಕವಲ್ಲ, ಎರವಲಾಗಿ ದೊರೆತ ಪುಸ್ತಕವು ಅವರ ಜೀವಿತವನ್ನು ತಿರುಗಿಸಿತೆಂಬದನ್ನು ವಾಚಕರು ಗಮನದಲ್ಲಿಡಲಿ. ಮುಂದೆ ಪುಸ್ತಕಗಳಿಗಾಗಿ ಅವರು ಪಟ್ಟ ಶ್ರಮದ ಬೇರು ಇಲ್ಲಿಯೇ ಇದ್ದಿರಬಹುದೆಂದು ನಾವು ಎಣಿಸುತ್ತೇವೆ.

1736ರಲ್ಲಿ ಅವರಿಗೆ ಬೋಧಕ ದೀಕ್ಷೆಯಾಯಿತು. 1739ರಲ್ಲಿ ಬ್ರಿಸ್ಟಲ್ ಪಟ್ಟಣದ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಅಗೆಯುವ ಕೂಲಿಗಳಿಗೆ ಬಯಲಿನಲ್ಲೇ ಬೋಧಿಸತೊಡಗಿದರು. ದೇವಾಲಯದ ಹೊಸ್ತಿಲು ತುಳಿಯದ ಜನರು ಗುಂಪುಗುಂಪಾಗಿ ಬಂದು ಕೇಳಿದರು. ತಮ್ಮ ಆಯುಷ್ಯದಲ್ಲಿ ಅವರು ಏಳು ಸಾರಿ ಅಮೇರಿಕಕ್ಕೆ ಹೋದರು. ಆ ಕಾಲದಲ್ಲಿ ಹಾಯಿ ಹಡಗಿನ ಪ್ರಯಾಣಕ್ಕೆ ಅನೇಕ ವಾರಗಳು ಹಿಡಿಯುತ್ತಿದ್ದವು. ಹಡಗು ಒಡೆದು ಸಾಯುವ ಭಯವೂ ಯಾವಾಗಲೂ ಇತ್ತು.

ಅಮೇರಿಕದ ಜಾರ್ಜಿಯ ಪ್ರಾಂತ್ಯದಲ್ಲಿ ಅವರು 1740ರಲ್ಲಿ ಬೆಥೆಸ್ದ ಎಂಬ ಅನಾಥಶಾಲೆಯನ್ನು ಸ್ಥಾಪಿಸಿದರು. ಅದರ ವೆಚ್ಚಕ್ಕಾಗಿ ಹೋದ ಹೋದಲ್ಲಿ ಹಣ ಬೇಡುತ್ತಿದ್ದರು. ಫಿಲದೆಲ್ಫಿಯದ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಪ್ರಸಿದ್ಧ ಪುರುಷನು, ಅನಾಥಶಾಲೆಯನ್ನು ಅಷ್ಟು ದೂರದ ಜಾರ್ಜಿಯದಲ್ಲಿ ಕಟ್ಟುವದು ಬುದ್ಧಿಯಲ್ಲವೆಂದು ಎಣಿಸಿ ಒಂದು ಕಾಸನ್ನೂ ಕೊಡಬಾರದೆಂದು ನಿಶ್ಚಯಿಸಿಕೊಂಡೇ ಒಮ್ಮೆ ಅವರ ಪ್ರಸಂಗವನ್ನು ಕೇಳಲು ಹೋದನು. ಪ್ರಸಂಗವು ಮುಂದೆ ಸಾಗಿದಂತೆ ಮೊದಲು ತಾಮ್ರದ ನಾಣ್ಯಗಳನ್ನು ಕೊಡೋಣವೆಂದುಕೊಂಡನು, ಆಮೇಲೆ ಬೆಳ್ಳಿಯನ್ನು ಕೊಡೋಣವೆಂದುಕೊಂಡನು. ಕಡೆಗೆ ಬಂಗಾರವೂ ಸೇರಿ ಜೇಬಿನಲ್ಲಿದ್ದದ್ದನ್ನೆಲ್ಲಾ ಕಾಣಿಕೆಯ ತಟ್ಟೆಗೆ ಸುರಿದನು. ಈ ಸಂಗತಿಯನ್ನು ಅವನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಬೇಡುವದರಲ್ಲಿ ಅಯ್ಯನವರಿಗೆ ಇದ್ದ ವರವು ಎಂಥದೆಂಬದು ಇದರಿಂದ ತಿಳಿಯುವದು.

ಇನ್ನು ಆ ಕಾಲೇಜಿನ ಮಾತಿಗೆ ಬರೋಣ. ಅಮೇರಿಕದ ಬಾಸ್ಟನ್ ಪಟ್ಟಣದ ಸಮೀಪದಲ್ಲಿ ಕೇಂಬ್ರಿಜ್ ಎಂಬ ಊರು ಇದೆ. ಅಲ್ಲಿ 1636ರಲ್ಲಿ ಒಂದು ಕಾಲೇಜು ಸ್ಥಾಪಿತವಾಯಿತು. ಸಭೆಗಳಿಗೆ ವಿದ್ಯೆಯಿಲ್ಲದ ಬೋಧಕರು ಬರಬಾರದೆಂಬದು ಸ್ಥಾಪಕರ ಮುಖ್ಯ ಚಿಂತೆಗಳಲ್ಲಿ ಒಂದು. ಎರಡು ವರುಷಗಳಾದ ಮೇಲೆ ಜಾನ್ ಹಾರ್ವರ್ಡ್ ಎಂಬ ಯೌವನಸ್ಥ ಬೋಧಕನು ಮರಣಹೊಂದುವಾಗ ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಅದಕ್ಕೆ ಬಿಟ್ಟನು. ಆದಕಾರಣ ಅದಕ್ಕೆ ಹಾರ್ವರ್ಡ್ ಕಾಲೇಜು ಎಂಬ ಹೆಸರಾಯಿತು.

1740ರಲ್ಲಿ ವಿಟ್‌ಫೀಲ್ಡ್ ಅಯ್ಯನವರು ಅಲ್ಲಿಗೆ ಹೋಗಿ ಬೋಧಿಸಿದರು. ಆಗ ಅವರಿಗೆ ವಯಸ್ಸು 25. ಆ ಕಾಲೇಜಿನಲ್ಲಿ ದೇವಭಕ್ತಿಯು ಕುಂದಿದೆ, ವಿದ್ಯಾರ್ಥಿಗಳು ತಕ್ಕ ಪುಸ್ತಕಗಳನ್ನು ಬಿಟ್ಟು ಬೇರೆಯವುಗಳನ್ನು ಓದುತ್ತಾರೆ ಎಂದು ತಮ್ಮ ದಿನಚರಿಯಲ್ಲಿ ಬರೆದು ಅದನ್ನು ಅಚ್ಚು ಹಾಕಿಸಿದರು. ಅಲ್ಲಿನ ಗುರುಗಳಿಗೆ ಇದು ಬಹಳ ನೋವನ್ನುಂಟುಮಾಡಿತು. 1744ರ ದಶಂಬರದಲ್ಲಿ ಕಾಲೇಜಿನ ಅಧ್ಯಕ್ಷರಾದ ಎಡ್ವರ್ಡ್ ಹೋಲಿಯೋಕರೂ ಉಪಾಧ್ಯಾಯರೂ ಕೂಡಿ ಅಯ್ಯನವರಿಗೆ ವಿರೋಧವಾಗಿ ಒಂದು ಸಾಕ್ಷಿಪತ್ರವನ್ನು ಪ್ರಕಟಿಸಿದರು. ಇವರು ಭ್ರಮೆಗೊಂಡವರು, ಇತರರನ್ನು ದೂಷಿಸುವವರು, ಅನಾಥಶಾಲೆಯ ಕಾಣಿಕೆಗಳ ವಿಷಯದಲ್ಲಿ ಜನರನ್ನು ಮೋಸಗೊಳಿಸಿದವರು ಎಂಬ ಅಪವಾದಗಳು ಅದರಲ್ಲಿದ್ದವು.

ಹಣದ ವಿಷಯದಲ್ಲಿ ಬಂದ ಅಪವಾದವು ಬೋಧಕನಾದವನಿಗೆ ಎಷ್ಟು ಭಾರವೆಂಬದನ್ನು ನಾವು ಬಲ್ಲೆವು. ಅಯ್ಯನವರು ಏನು ಮಾಡಿದರು? 1745ರಲ್ಲಿ ಕಾಲೇಜಿನ ಅಧ್ಯಕ್ಷರಿಗೆ ಪತ್ರರೂಪವಾಗಿ ಉತ್ತರ ಬರೆದು, ತಮ್ಮ ಬೋಧನೆಯನ್ನು ಸಮರ್ಥಿಸಿಕೊಂಡರೂ, ಕಾಲೇಜಿನ ಕುರಿತು ಇತರರಿಂದ ಕೇಳಿದ್ದನ್ನು ಅಚ್ಚು ಹಾಕಿಸಿದ್ದಕ್ಕೆ ವಿಷಾದವನ್ನು ತಿಳಿಸಿದರು. 1746ರಲ್ಲಿ ಅನಾಥಶಾಲೆಯ ಲೆಕ್ಕಗಳನ್ನು ಸವನ್ನಾ ಪಟ್ಟಣದ ಅಧಿಕಾರಿಗಳ ಮುಂದೆ ಇಟ್ಟು ಶೋಧನೆ ಮಾಡಿಸಿ ಪ್ರಕಟಿಸಿದರು. 1756ರಲ್ಲಿ ದಿನಚರಿಯನ್ನೂ ತಿದ್ದಿ ಹೊಸದಾಗಿ ಅಚ್ಚು ಹಾಕಿಸಿದರು. ಅಪವಾದಕ್ಕೆ ಕೂಗಾಟವು ಉತ್ತರವಲ್ಲ. ತೆರೆದಿಟ್ಟ ಲೆಕ್ಕವೂ ತಿದ್ದಿದ ಬರಹವೂ ಉತ್ತರವೆಂದು ಅವರು ತೋರಿಸಿದರು.

ಆದರೂ ಅವರ ಒಂದು ದೊಡ್ಡ ದೋಷವನ್ನು ಮರೆಮಾಡುವದು ನ್ಯಾಯವಲ್ಲ. ಗುಲಾಮರನ್ನು ಹಿಂಸಿಸುವ ಯಜಮಾನರನ್ನು ಅವರು 1740ರಲ್ಲಿ ಖಂಡಿಸಿ ಬರೆದರು; ಆದರೆ ಆಮೇಲೆ ತಾವೇ ಗುಲಾಮರನ್ನು ಇಟ್ಟುಕೊಂಡು, ಗುಲಾಮತನಕ್ಕೆ ಅಪ್ಪಣೆಯಿಲ್ಲದ ಜಾರ್ಜಿಯದಲ್ಲಿ ಅದಕ್ಕೆ ಅಪ್ಪಣೆಯಾಗಬೇಕೆಂದು ವಾದಿಸಿದರು. 1751ರಲ್ಲಿ ಅಪ್ಪಣೆಯಾಯಿತು. ಅನಾಥ ಮಕ್ಕಳ ಅನ್ನವು ಗುಲಾಮರ ಬೆವರಿನಿಂದ ಬಂತು. ಭಕ್ತರ ಚರಿತ್ರೆಯನ್ನು ಓದುವಾಗ ನಾವು ಅವರ ಒಳ್ಳೇದನ್ನು ಅನುಸರಿಸಬೇಕೇ ಹೊರತು ಅವರ ಪಾಪವನ್ನು ಪುಣ್ಯವೆಂದು ಕರೆಯಬಾರದು.

1760ರಲ್ಲಿ ಬಾಸ್ಟನ್ ಪಟ್ಟಣದಲ್ಲಿ ದೊಡ್ಡ ಬೆಂಕಿ ಬಿದ್ದು ಅನೇಕರು ಮನೆಮಠ ಕಳಕೊಂಡರು. ಅವರಿಗಾಗಿ ಅಯ್ಯನವರು ಇಂಗ್ಲೆಂಡಿನಲ್ಲಿ ಹಣ ಕೂಡಿಸಿ ಕಳುಹಿಸಿದರು. 1763ರಲ್ಲಿ ಅವರು ಆರನೇ ಸಾರಿ ಅಮೇರಿಕಕ್ಕೆ ಬಂದು ಊರೂರು ಸಂಚರಿಸುತ್ತಿರುವಾಗ, ಬಾಸ್ಟನಿಗೆ ಸಮೀಪವಾದ ಆ ಕಾಲೇಜಿಗೂ ಅಂಥದೇ ಆಪತ್ತು ಬಂತು.

1764ರ ಜನವರಿಯಲ್ಲಿ ಬಾಸ್ಟನಿನಲ್ಲಿ ಸಿಡುಬು ಹರಡಿದ್ದರಿಂದ ಪ್ರಾಂತ್ಯದ ಶಾಸನಸಭೆಯು ಕೇಂಬ್ರಿಜಿಗೆ ಬಂದು ಕಾಲೇಜಿನ ಕಟ್ಟಡವಾದ ಹಾರ್ವರ್ಡ್ ಹಾಲಿನಲ್ಲಿ ಕೂಡುತ್ತಿತ್ತು. ವಿದ್ಯಾರ್ಥಿಗಳು ರಜೆಗಾಗಿ ಹೋಗಿದ್ದರು. ಸಭಿಕರು ಚಳಿ ಕಾಯಿಸಿಕೊಳ್ಳುವದಕ್ಕಾಗಿ ಪುಸ್ತಕಭಂಡಾರದ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಹಾಕಿದ್ದರು. ಅದರ ಕೆಳಗಿನ ತೊಲೆಗೆ ಬೆಂಕಿ ಹತ್ತಿತೆಂದು ಹೇಳುತ್ತಾರೆ. 24ನೇ ತಾರೀಖಿನ ರಾತ್ರಿ, ಹಿಮವೂ ಗಾಳಿಯೂ ಬಲವಾಗಿ ಬೀಸುತ್ತಿರುವಾಗ, ಕಟ್ಟಡವೆಲ್ಲಾ ಹೊತ್ತಿಕೊಂಡಿತು. ಪ್ರಾಂತ್ಯದ ಗವರ್ನರರಾದ ಫ್ರಾನ್ಸಿಸ್ ಬರ್ನಾರ್ಡರೂ ಶಾಸನಸಭೆಯವರೂ ಹಾಸಿಗೆ ಬಿಟ್ಟೆದ್ದು ಬಂದು ತಾವೇ ಬೆಂಕಿ ಆರಿಸಲು ದುಡಿದರು. ನೆರೆಯ ಕಟ್ಟಡಗಳು ಉಳಿದವು. ಹಾರ್ವರ್ಡ್ ಹಾಲು ಉಳಿಯಲಿಲ್ಲ.

ಅಲ್ಲಿದ್ದ ಪುಸ್ತಕಗಳು 5,000ಕ್ಕಿಂತ ಹೆಚ್ಚು. ಆ ಕಾಲದ ಅಮೇರಿಕದಲ್ಲಿ ಅದಕ್ಕಿಂತ ದೊಡ್ಡ ಕಾಲೇಜು ಪುಸ್ತಕಭಂಡಾರವಿರಲಿಲ್ಲ. ಓದುವದಕ್ಕಾಗಿ ಹೊರಗೆ ಒಯ್ದಿದ್ದ ಪುಸ್ತಕಗಳೂ, ಹೊಸದಾಗಿ ಬಂದು ಪೆಟ್ಟಿಗೆಯಿಂದ ಇನ್ನೂ ಬಿಚ್ಚದಿದ್ದವುಗಳೂ ಸೇರಿ ಸುಮಾರು 400 ಮಾತ್ರ ಉಳಿದವು. ಜಾನ್ ಹಾರ್ವರ್ಡನು ಕೊಟ್ಟವುಗಳಲ್ಲಿ ಯಾರೋ ಎರವಲು ತಕ್ಕೊಂಡಿದ್ದ ಒಂದೇ ಪುಸ್ತಕ ಉಳಿಯಿತೆಂದು ಹೇಳುವದುಂಟು. ನೂರಿಪ್ಪತ್ತೈದು ವರುಷಗಳಿಂದ ಕೂಡಿಸಿದ್ದು ಒಂದೇ ರಾತ್ರಿಯಲ್ಲಿ ಬೂದಿಯಾಯಿತು.

ಈಗ ಕಾಲೇಜು ಬೇಡಬೇಕಾಯಿತು. ತಮ್ಮ ಕೂಟದ ಸಮಯದಲ್ಲಿ ನಷ್ಟವಾಯಿತೆಂದು ಶಾಸನಸಭೆಯವರು ಕಟ್ಟಡದ ಭಾರವನ್ನು ಹೊತ್ತು, ಮೊದಲು 2,000 ಪೌಂಡುಗಳನ್ನು ಮಂಜೂರು ಮಾಡಿದರು. ಆದರೆ ಗೋಡೆಗಳಿದ್ದರೆ ಪುಸ್ತಕಭಂಡಾರವಾಗದಷ್ಟೆ. ನೆರೆಯ ಪ್ರಾಂತ್ಯವಾದ ನ್ಯೂ ಹ್ಯಾಂಪ್‌ಶೈರಿನವರು ಪುಸ್ತಕಗಳಿಗಾಗಿ 300 ಪೌಂಡು ಕೊಟ್ಟರು. ಲಂಡನಿನ ಥಾಮಸ್ ಹಾಲಿಸ್ ಎಂಬವರು ಅಮೇರಿಕವನ್ನು ಕಣ್ಣಾರೆ ನೋಡದಿದ್ದರೂ ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಅಂದವಾಗಿ ಕಟ್ಟಿಸಿ ಕಳುಹಿಸಿದರು. ಬಾಸ್ಟನಿನ ವರ್ತಕರಾದ ಥಾಮಸ್ ಹ್ಯಾಂಕಾಕರು 500 ಪೌಂಡು ಕೊಡಬೇಕೆಂದಿದ್ದು, ಅದನ್ನು ಮರಣಪತ್ರದಲ್ಲಿ ಬರೆಯುವದಕ್ಕೆ ಮುಂಚೆ ಅದೇ ವರುಷ ತೀರಿಹೋದರು. ಅವರ ಅಣ್ಣನ ಮಗನಾದ ಜಾನ್ ಹ್ಯಾಂಕಾಕನು, ಕಾಗದದಲ್ಲಿಲ್ಲವೆಂದು ಜಾರಿಕೊಳ್ಳದೆ, ಚಿಕ್ಕಪ್ಪನ ಮನಸ್ಸಿನಲ್ಲಿದ್ದದ್ದನ್ನು ತಾನೇ ಸಲ್ಲಿಸಿದನು.

ಇಂಥವರ ಸಾಲಿನಲ್ಲಿ ವಿಟ್‌ಫೀಲ್ಡ್ ಅಯ್ಯನವರೂ ಬಂದು ನಿಂತರು. ಬೆಂಕಿ ಬಿದ್ದ ಕೆಲವು ವಾರಗಳಲ್ಲಿಯೇ ಅವರು ಬಾಸ್ಟನಿಗೆ ಬಂದರು. ಅವರ ವಯಸ್ಸು ಆಗ 49. ದೇಹವು ಉಬ್ಬಸದಿಂದ ಸೋತಿತ್ತು. ತಮ್ಮ ಅನಾಥಶಾಲೆಗೇ ಹಣವು ಸಾಲದೆ ಇತ್ತು. ಇಪ್ಪತ್ತು ವರುಷಗಳ ಹಿಂದೆ ತಮ್ಮನ್ನು ಮೋಸಗಾರನೆಂದವರ ನಷ್ಟವನ್ನು ಕಂಡು, ಇದು ದೇವರ ತೀರ್ಪೆಂದು ಹೇಳುವದು ಸುಲಭವಾಗಿತ್ತು. ಅವರು ಹಾಗೆ ಮಾಡದೆ ಕಾಲೇಜಿಗೆ ಪುಸ್ತಕಗಳನ್ನು ಕೊಟ್ಟರು; ತಮ್ಮ ಮಾತಿಗೆ ಬೆಲೆಕೊಡುವ ಧನವಂತರ ಬಳಿಯಲ್ಲಿ ಅದಕ್ಕಾಗಿ ಬೇಡಿ, ದೊಡ್ಡ ಕೊಡುಗೆಗಳನ್ನು ದೊರಕಿಸಿದರು. ಕಾಣಿಕೆ ಕೂಡಿಸುವ ಯಾವ ವರಕ್ಕಾಗಿ ಆ ಕಾಲೇಜು ಅವರನ್ನು ನಿಂದಿಸಿತೋ ಆ ವರವೇ ಅದರ ಬರಿದಾದ ಕಪಾಟುಗಳನ್ನು ತುಂಬಿಸಲು ಸಹಾಯವಾಯಿತು.

1768ರ ಆಗಸ್ಟ್ 22ರಲ್ಲಿ ಕಾಲೇಜಿನ ಆಡಳಿತ ಮಂಡಳಿಯು ಸೇರಿ, ವಿಟ್‌ಫೀಲ್ಡ್ ಅಯ್ಯನವರು ತಮ್ಮ ದಿನಚರಿಯ ಹೊಸ ಮುದ್ರಣವನ್ನು ಪುಸ್ತಕಭಂಡಾರಕ್ಕೆ ಕೊಟ್ಟದ್ದಕ್ಕಾಗಿಯೂ, ಉದಾರಿಗಳಿಂದ ಕೊಡುಗೆಗಳನ್ನು ದೊರಕಿಸಿದ್ದಕ್ಕಾಗಿಯೂ ಅವರಿಗೆ ಉಪಕಾರ ಸಲ್ಲಿಸಬೇಕೆಂದು ಗೊತ್ತುಮಾಡಿ ದಫ್ತರದಲ್ಲಿ ಬರೆಯಿಸಿತು. ಅಧ್ಯಕ್ಷ ಸ್ಥಾನದಲ್ಲಿ ಅದೇ ಹೋಲಿಯೋಕರು ಇನ್ನೂ ಇದ್ದರು. ಯಾವ ದಿನಚರಿಯಿಂದ ಜಗಳ ಹುಟ್ಟಿತೋ ಅದೇ ದಿನಚರಿಯು ಈಗ ಕಾಣಿಕೆಯಾಗಿ ಅವರ ಕೈಸೇರಿತು. ಕೊಟ್ಟವರದು ದೊಡ್ಡ ಮನಸ್ಸು. ತಾವು ಖಂಡಿಸಿದವರಿಗೇ ಉಪಕಾರವೆಂದು ಬರೆದು ಒಪ್ಪಿಕೊಂಡವರದೂ ಚಿಕ್ಕ ಮನಸ್ಸಲ್ಲ.

ಹೋಲಿಯೋಕರು ಮರುವರುಷ ತೀರಿಹೋದರು. ವಿಟ್‌ಫೀಲ್ಡ್ ಅಯ್ಯನವರು 1770ರ ಸೆಪ್ಟೆಂಬರ್ 30ರಲ್ಲಿ ನ್ಯೂಬರಿಪೋರ್ಟ್ ಎಂಬ ಊರಿನಲ್ಲಿ, ಹಿಂದಿನ ದಿನವೂ ಬೋಧಿಸಿದವರಾಗಿ, ನಿದ್ರೆಹೋದರು. ಸಾಯುವದಕ್ಕೆ ಮುಂಚೆ ಇಬ್ಬರೂ ಲೆಕ್ಕ ತೀರಿಸಿಕೊಂಡಿದ್ದರೆಂಬದು ನಮಗೆ ಸಮಾಧಾನದ ಸಂಗತಿ. ಹಾರ್ವರ್ಡ್ ಹಾಲು 1766ರೊಳಗೆ ತಿರಿಗಿ ಎದ್ದಿತ್ತು. ಅದು ಇಂದಿಗೂ ನಿಂತಿದೆ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ಶಾಲೆಯ ಮಾಡು ಹಾರಿಹೋದಾಗ ಅಥವಾ ಸಭೆಯ ಗೋಡೆ ಕುಸಿದಾಗ ಹಣಕ್ಕಿಂತ ಮೊದಲು ಅಡ್ಡಬರುವದು ಹಳೇ ಮನಸ್ತಾಪವೇ. ಅವನು ನನ್ನನ್ನು ಕೂಟದಲ್ಲಿ ಬೈದನು, ಅವನು ಮುಂದಾಳಾಗಿರುವ ಕೆಲಸಕ್ಕೆ ನಾನೇಕೆ ಕೊಡಲಿ ಎಂದು ಒಬ್ಬನು ಹಿಂದೆ ಸರಿಯುತ್ತಾನೆ. ಅಂಥಾ ಗಳಿಗೆಯಲ್ಲಿ ಈ ಚರಿತ್ರೆಯನ್ನು ನೆನಪಿಗೆ ತಂದುಕೊಳ್ಳೋಣ. ಕಾಣಿಕೆ ಎತ್ತುವವನು ತನ್ನ ಲೆಕ್ಕವನ್ನು ಎಲ್ಲರ ಮುಂದೆ ಇಡಲಿ. ಕೊಡುವವನು ತನ್ನ ಸಿಟ್ಟನ್ನು ಬದಿಗಿಡಲಿ. ಪಡೆದುಕೊಂಡವನು ಉಪಕಾರವನ್ನು ಬಾಯಿಬಿಟ್ಟು ಹೇಳಲಿ. ಆಗ ಬೂದಿಯ ಮೇಲೆಯೂ ಮನೆ ಎದ್ದೀತು, ಅದರಲ್ಲಿ ನಮ್ಮ ಮಕ್ಕಳು ಕೂತು ಓದಿಯಾರು.