ಜಾನ್ ಎರಿಕ್ಸನ್

ಜಾನ್ ಎರಿಕ್ಸನ್ (ಜುಲೈ 31, 1803 – ಮಾರ್ಚ್ 8, 1889) ಸ್ವೀಡನ್‌ನಲ್ಲಿ ಜನಿಸಿದ ಅಮೆರಿಕದ ಎಂಜಿನಿಯರ್ ಹಾಗೂ ನೌಕಾ ವಿನ್ಯಾಸಕರು. ತಿರುಗುವ ಫಿರಂಗಿ ಗೋಪುರವುಳ್ಳ 'ಮಾನಿಟರ್' ಯುದ್ಧನೌಕೆಯಿಂದ ಇವರು ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ

ವೆರ್ಮ್‌ಲಾಂಡ್ ಪ್ರಾಂತದಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಗೋಟಾ ಕಾಲುವೆಯ ಕಾಮಗಾರಿಯಲ್ಲಿ ನಕ್ಷೆ ರಚನೆಯನ್ನು ಕಲಿತರು. 1826ರಲ್ಲಿ ಇಂಗ್ಲೆಂಡಿಗೆ ತೆರಳಿ, 1836ರಲ್ಲಿ ಹಡಗಿನ ಪ್ರೊಪೆಲ್ಲರ್‌ಗೆ ಪೇಟೆಂಟ್ ಪಡೆದರು. ಬ್ರಿಟಿಷ್ ನೌಕಾಪಡೆಯು ಅದರಲ್ಲಿ ಆಸಕ್ತಿ ತೋರಲಿಲ್ಲ. 1839ರಲ್ಲಿ ಇವರು ಅಮೆರಿಕಕ್ಕೆ ಹೋದರು.

ಪ್ರಿನ್ಸ್‌ಟನ್ ದುರಂತ

ಇವರ ವಿನ್ಯಾಸದ ಉಗಿನೌಕೆ 'ಪ್ರಿನ್ಸ್‌ಟನ್' 1843ರಲ್ಲಿ ನೀರಿಗಿಳಿಯಿತು. ಅದರ ಯಂತ್ರ ಹಾಗೂ ಪ್ರೊಪೆಲ್ಲರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದುದರಿಂದ ಶತ್ರುವಿನ ಗುಂಡು ಅವುಗಳಿಗೆ ತಗಲುವುದು ಕಷ್ಟವಾಗಿತ್ತು. 1844ರ ಫೆಬ್ರವರಿ 28ರಂದು ಕ್ಯಾಪ್ಟನ್ ರಾಬರ್ಟ್ ಸ್ಟಾಕ್ಟನ್ ಮಾಡಿಸಿದ್ದ ಫಿರಂಗಿ ಸಿಡಿದು ಇಬ್ಬರು ಸಚಿವರು ಸೇರಿದಂತೆ ಹಲವರು ಮೃತಪಟ್ಟರು. ಫಿರಂಗಿ ಎರಿಕ್ಸನ್ ಅವರದಲ್ಲದಿದ್ದರೂ ಅಪವಾದ ಅವರ ಮೇಲೆ ಬಂತು. ನೌಕೆಯ ವಿನ್ಯಾಸಕ್ಕೆ ಸಲ್ಲಬೇಕಾದ ಹಣವೂ ದೊರೆಯಲಿಲ್ಲ.

ಮಾನಿಟರ್

ಅಂತರ್ಯುದ್ಧದಲ್ಲಿ ಅದೇ ನೌಕಾಪಡೆಗೆ ಮತ್ತೆ ಇವರ ನೆರವು ಬೇಕಾಯಿತು. ಸುಮಾರು ನೂರು ದಿನಗಳಲ್ಲಿ ಸಿದ್ಧವಾದ ಮಾನಿಟರ್ 1862ರ ಜನವರಿ 30ರಂದು ನೀರಿಗಿಳಿಯಿತು. 8 ಅಂಗುಲ ದಪ್ಪ ಕಬ್ಬಿಣದ ಗೋಪುರದಲ್ಲಿ ಎರಡು ಫಿರಂಗಿಗಳಿದ್ದವು. ನೌಕೆಯನ್ನು ತಿರುಗಿಸದೆ ಗೋಪುರವನ್ನಷ್ಟೇ ತಿರುಗಿಸಿ ಗುರಿಯಿಡಬಹುದಾಗಿತ್ತು. ಮಾರ್ಚ್ 9ರಂದು ಅದು ದಕ್ಷಿಣದವರ ಕವಚನೌಕೆ 'ವರ್ಜೀನಿಯಾ'ವನ್ನು ತಡೆಯಿತು. ಅದೇ ಡಿಸೆಂಬರ್ 31ರಂದು ಬಿರುಗಾಳಿಗೆ ಸಿಕ್ಕಿ ಮುಳುಗಿ, 16 ಮಂದಿ ಜೀವ ಕಳೆದುಕೊಂಡರು.

ಧಾರವಾಡ ಸೀಮೆಯ ಹತ್ತಿ

ವರ್ಜೀನಿಯಾ ಗೆದ್ದಿದ್ದರೆ ದಕ್ಷಿಣದ ಬಂದರುಗಳ ಮೇಲಿನ ದಿಗ್ಬಂಧನಕ್ಕೆ ಧಕ್ಕೆಯಾಗುತ್ತಿತ್ತು. ದಿಗ್ಬಂಧನದಿಂದ ಲ್ಯಾಂಕಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ಬಹುಮಟ್ಟಿಗೆ ನಿಂತು, ಭಾರತದ ಹತ್ತಿಗೆ ಬೆಲೆ ಏರಿತು. ಗದಗ ಭಾಗವನ್ನೊಳಗೊಂಡ ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜದಿಂದ ರೂಢಿಸಿದ 'ಧಾರವಾಡ-ಅಮೆರಿಕನ್' ಹತ್ತಿಯ ಕೃಷಿ ಆ ಮೊದಲೇ ನೆಲೆಗೊಂಡಿತ್ತು. ಯುದ್ಧಕಾಲದಲ್ಲಿ ಅದಕ್ಕೆ ಬಹಳ ಬೇಡಿಕೆ ಬಂತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು.

ಕೊನೆಯ ವರ್ಷಗಳು

1869ರಲ್ಲಿ ಸ್ಪೇನ್ ದೇಶವು ಕ್ಯೂಬಾದ ಕರಾವಳಿ ಕಾವಲಿಗೆ ಬಯಸಿದ 30 ಗನ್‌ಬೋಟುಗಳನ್ನು ಎರಿಕ್ಸನ್ ವಿನ್ಯಾಸಗೊಳಿಸಿದರು. ತೀರದ ಸಮೀಪ ಸಂಚರಿಸಬಲ್ಲ ಈ ಚಿಕ್ಕ ನೌಕೆಗಳಿಗೆ ಎರಡೆರಡು ಪ್ರೊಪೆಲ್ಲರ್‌ಗಳಿದ್ದವು. 1878ರಲ್ಲಿ ನೀರಿನಡಿಯಿಂದ ಸಿಡಿಗುಂಡು ಹಾರಿಸುವ 'ಡೆಸ್ಟ್ರಾಯರ್' ನೌಕೆಯನ್ನು ನಿರ್ಮಿಸಿದರು. ಇವರು ನ್ಯೂಯಾರ್ಕ್‌ನಲ್ಲಿ ನಿಧನರಾದರು. ಒಮ್ಮೆ ಇವರ ಹಣವನ್ನು ಕೊಡದಿದ್ದ ನೌಕಾಪಡೆಯೇ 1890ರಲ್ಲಿ 'ಬಾಲ್ಟಿಮೋರ್' ಎಂಬ ಯುದ್ಧನೌಕೆಯಲ್ಲಿ ಇವರ ಪಾರ್ಥಿವ ಶರೀರವನ್ನು ಸ್ವೀಡನ್‌ಗೆ ಕಳುಹಿಸಿತು. ಇವರ ಸಮಾಧಿ ಫಿಲಿಪ್‌ಸ್ಟಾಡ್‌ನಲ್ಲಿದೆ.