ಲೂಯಿಸ್ ಪಂಡಿತರೂ ಅವರ ಪತ್ನಿಯ ಬೇನೆಯೂ

ಕ್ಯಾನ್ಸರ್ ಎಂಬ ದುರ್ವ್ಯಾಧಿಯು ಈಚಿನ ವರುಷಗಳಲ್ಲಿ ನಮ್ಮ ಹಳ್ಳಿಯ ಸಭೆಗಳ ಅನೇಕ ಮನೆಗಳನ್ನು ಹೊಕ್ಕಿರುವದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ಹೆಂಡತಿಯನ್ನು ದೂರದ ಆಸ್ಪತ್ರೆಗೆ ಕರೆದೊಯ್ದ ಗಂಡನು ರೋಗಕ್ಕೆ ಮಾತ್ರ ಮನಸ್ಸನ್ನು ಗಟ್ಟಿಮಾಡಿಕೊಂಡು ಹೋಗುತ್ತಾನೆ. ಚಿಕಿತ್ಸೆಯಿಂದಲೇ ಹುಟ್ಟುವ ಬೇರೆ ಬೇರೆ ತೊಂದರೆಗಳನ್ನು ಅವನಿಗೆ ಯಾರೂ ಮುಂಚಿತವಾಗಿ ಹೇಳಿರುವದಿಲ್ಲ. ಇಂಥ ದಾರಿಯಲ್ಲಿ ನಡೆದ ಒಬ್ಬ ಪ್ರಖ್ಯಾತ ಕ್ರೈಸ್ತ ಗ್ರಂಥಕರ್ತರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಕ್ಲೈವ್ ಸ್ಟೇಪಲ್ಸ್ ಲೂಯಿಸರು 1898ನೆಯ ಇಸವಿ ನವೆಂಬರ್ 29ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ವಕೀಲರು. ತಾಯಿಯಾದ ಫ್ಲೋರಾ ಅಮ್ಮನವರು ಗಣಿತದಲ್ಲಿ ಪಾಂಡಿತ್ಯ ಪಡೆದ ವಿದ್ಯಾವಂತೆ. ಈ ತಾಯಿಗೆ 1908ರಲ್ಲಿ ಹೊಟ್ಟೆಯ ಕ್ಯಾನ್ಸರ್ ಬಂತು. ಆ ಕಾಲದ ಪದ್ಧತಿಯ ಪ್ರಕಾರ ಮನೆಯಲ್ಲಿಯೇ ಶಸ್ತ್ರಕ್ರಿಯೆ ನಡೆಯಿತು. ಹುಡುಗನು ತಾಯಿಯು ಬದುಕಬೇಕೆಂದು ದೇವರಿಗೆ ಮೊರೆಯಿಟ್ಟನು. ಆದರೂ ಆಗಸ್ಟ್ 23ರಂದು ಆಕೆ ತೀರಿಹೋದಳು. ಆಗ ಅವನಿಗೆ ಇನ್ನೂ ಹತ್ತು ವರುಷ ತುಂಬಿರಲಿಲ್ಲ. ಆ ವರುಷವೇ ಅವನನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಯಾಕಂದರೆ ಅದೇ ರೋಗವು ಅವರ ಮನೆಯ ಬಾಗಿಲಿಗೆ ಮತ್ತೊಮ್ಮೆ ಬರಲಿಕ್ಕಿತ್ತು.

ಯೌವನದಲ್ಲಿ ಲೂಯಿಸರು ದೇವರಿಲ್ಲವೆಂದು ವಾದಿಸುವವರಾದರು. ಮಹಾಯುದ್ಧದಲ್ಲಿ ಫ್ರಾನ್ಸ್ ದೇಶದ ರಣರಂಗದಲ್ಲಿ ಗಾಯಗೊಂಡು ಹಿಂದಿರುಗಿದರು. 1925ರಲ್ಲಿ ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಬಹುದಿನ ಎದುರಾಡಿದ ಬಳಿಕ ದೇವರಿದ್ದಾನೆಂದು ಒಪ್ಪಿಕೊಂಡು, 1931ರಲ್ಲಿ ಕ್ರಿಸ್ತನನ್ನು ದೇವಕುಮಾರನೆಂದು ನಂಬಿದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ರೇಡಿಯೋ ಮುಖಾಂತರ ಅವರು ಕ್ರೈಸ್ತ ಬೋಧನೆಯನ್ನು ಸುಲಭವಾಗಿ ವಿವರಿಸಿದ್ದನ್ನು ಬಹು ಜನರು ಕೇಳಿದರು. ಮಕ್ಕಳಿಗೋಸ್ಕರ ಬರೆದ ನಾರ್ನಿಯಾ ಕಥೆಗಳು ಇಂದಿಗೂ ಓದಲ್ಪಡುತ್ತಿವೆ. ನೋವು ಯಾಕೆ ಇದೆ ಎಂಬ ಪ್ರಶ್ನೆಯ ಕುರಿತು 1940ರಲ್ಲಿಯೇ ಅವರು ಒಂದು ಗ್ರಂಥವನ್ನು ಬರೆದಿದ್ದರು. ನೋವಿನ ವಿಷಯವಾಗಿ ಬರೆಯುವದು ಒಂದು, ನೋವಿನ ಮಂಚದ ಬಳಿಯಲ್ಲಿ ಕೂತುಕೊಳ್ಳುವದು ಇನ್ನೊಂದು; ಈ ಎರಡನೆಯದನ್ನು ಅವರು ಐವತ್ತೇಳನೆಯ ವಯಸ್ಸು ದಾಟುವಾಗ ಕಲಿಯಬೇಕಾಯಿತು.

ಅಮೇರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಯೆಹೂದ್ಯ ಮನೆತನದಲ್ಲಿ 1915ರಲ್ಲಿ ಹುಟ್ಟಿದ ಜಾಯ್ ಡೇವಿಡ್‌ಮನ್ ಅಮ್ಮನವರು ಕವಿತೆಗಳನ್ನೂ ಕಾದಂಬರಿಗಳನ್ನೂ ಬರೆದವರು. ಮೊದಲು ನಾಸ್ತಿಕರಾಗಿದ್ದು ಆಮೇಲೆ ಕ್ರಿಸ್ತನನ್ನು ನಂಬಿದರು. ಮೊದಲನೆಯ ಗಂಡನು ಮತ್ತೊಬ್ಬಳಲ್ಲಿ ಮನಸ್ಸಿಟ್ಟದ್ದರಿಂದ ಆ ಸಂಸಾರವು ಮುರಿದುಹೋಯಿತು. ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅವರು ಇಂಗ್ಲೆಂಡಿಗೆ ಬಂದು ನೆಲಸಿದರು. ಲೂಯಿಸರ ಗ್ರಂಥಗಳನ್ನು ಓದಿ ಪತ್ರ ಬರೆದದ್ದರಿಂದ ಸ್ನೇಹವಾಗಿತ್ತು. ಆ ದೇಶದಲ್ಲಿ ಇನ್ನು ಇರುವದಕ್ಕೆ ಸರಕಾರದ ಅಪ್ಪಣೆ ಸಿಕ್ಕದೆ ಹೋದಾಗ, ತಾಯಿಯೂ ಮಕ್ಕಳೂ ಅಲ್ಲಿಯೇ ಉಳಿಯುವಂತೆ 1956ನೆಯ ಏಪ್ರಿಲ್ 23ರಂದು ಲೂಯಿಸರು ರಿಜಿಸ್ಟ್ರಾರರ ಕಚೇರಿಯಲ್ಲಿ ಅವರನ್ನು ಮದುವೆಯಾದರು. ಅದು ಸ್ನೇಹಕ್ಕಾಗಿ ಮಾಡಿದ ಉಪಕಾರವೇ ಹೊರತು ಒಂದೇ ಮನೆಯ ಸಂಸಾರವಾಗಿರಲಿಲ್ಲ.

ಜಾಯ್ ಅಮ್ಮನವರಿಗೆ ಕೆಲವು ಕಾಲದಿಂದ ಕಾಲುನೋವಿತ್ತು. ಅದು ವಾತವೆಂದು ವೈದ್ಯರು ಎಣಿಸಿದ್ದರು. ಅದೇ ವರುಷ ಅಕ್ಟೋಬರಿನಲ್ಲಿ ಅವರು ಮನೆಯಲ್ಲಿ ಬಿದ್ದರು. ತೊಡೆಯ ಎಲುಬು ಮುರಿದಿತ್ತು. ಎಕ್ಸ್‌ರೇ ತೆಗೆದು ನೋಡಲಾಗಿ ಎಲುಬನ್ನು ಕ್ಯಾನ್ಸರ್ ತಿಂದುಹಾಕಿತ್ತು. ರೋಗದ ಬೇರು ಎದೆಯಲ್ಲಿತ್ತು. ಹೊಲದಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರು ಎಷ್ಟು ಮಂದಿ ಇಂಥ ನೋವನ್ನು ಎಣ್ಣೆ ತಿಕ್ಕಿ ಮರೆಯುತ್ತಾರೋ!

ಚಿಕಿತ್ಸೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಎದೆಯ ಗಂಟನ್ನು ತೆಗೆದರು, ತೊಡೆಯನ್ನು ಸರಿಪಡಿಸಿದರು, ಅದರೊಂದಿಗೆ ಅಂಡಾಶಯಗಳನ್ನೂ ತೆಗೆದುಹಾಕಿದರು. ಎದೆಯ ಬೇನೆಗೆ ಹೊಟ್ಟೆಯೊಳಗಿನ ಅವಯವವನ್ನು ಯಾಕೆ ತೆಗೆಯಬೇಕೆಂದು ಯಾರಾದರೂ ಕೇಳಬಹುದು. ಸ್ಕಾಟ್ಲೆಂಡಿನ ಬೀಟ್ಸನ್ ಎಂಬ ಶಸ್ತ್ರವೈದ್ಯರು 1896ರಲ್ಲಿ ಇದರಿಂದ ಎದೆಯ ಗಂಟುಗಳು ಕುಗ್ಗುವದನ್ನು ಪ್ರಕಟಿಸಿದ್ದರು. ಅಲ್ಲಿ ಹುಟ್ಟುವ ರಸವೇ ಇಂಥ ಕೆಲವು ಗಂಟುಗಳಿಗೆ ಆಹಾರವೆಂಬದು ಮುಂದೆ ತಿಳಿದುಬಂತು. ಆದರೆ ಆ ರಸವು ನಿಂತರೆ ಮುಟ್ಟು ಒಮ್ಮೆಲೇ ನಿಲ್ಲುವದು, ಮೈಯೆಲ್ಲ ಬಿಸಿಯೇರಿ ಬೆವರುವದು, ನಿದ್ರೆ ಕೆಡುವದು, ಮನಸ್ಸು ಕದಡುವದು, ಕಾಲಕ್ರಮದಲ್ಲಿ ಎಲುಬುಗಳು ಟೊಳ್ಳಾಗುವದು. ಈ ಚಿಕಿತ್ಸೆಯನ್ನು ಇಂದು ಶಸ್ತ್ರದಿಂದಾಗಲಿ ಮದ್ದಿನಿಂದಾಗಲಿ ಪಡೆಯುವ ಹೆಂಗಸರಿಗೂ ಇವು ಬರಬಹುದು. ಹೆಂಡತಿಯು ಕಾರಣವಿಲ್ಲದೆ ಸಿಡುಕುತ್ತಾಳೆಂದು ಗಂಡನು ನೊಂದುಕೊಳ್ಳುವ ಮೊದಲು ವೈದ್ಯರ ಬಳಿಗೆ ಹೋಗಿ ಕೇಳುವದು ಒಳ್ಳೇದೆಂದು ನಮಗೆ ತೋರುತ್ತದೆ.

ಈ ಕಷ್ಟದಲ್ಲಿ ಲೂಯಿಸರ ಸ್ನೇಹವು ಪ್ರೀತಿಯಾಗಿ ಬಲಿಯಿತು. ದೇವರ ಸನ್ನಿಧಿಯಲ್ಲಿ ಮದುವೆಯಾಗಬೇಕೆಂದು ಇಬ್ಬರೂ ಆಶಿಸಿದರು. ಜಾಯ್ ಅಮ್ಮನವರು ಗಂಡನಿಂದ ಬಿಡುಗಡೆ ಹೊಂದಿದವರಾದ್ದರಿಂದ ಬಿಷಪರು ಒಪ್ಪಲಿಲ್ಲ. ಲೂಯಿಸರ ಹಳೆಯ ಶಿಷ್ಯರಾದ ಪೀಟರ್ ಬೈಡ್ ಎಂಬ ಪಾದ್ರಿಯವರು ರೋಗಿಯ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಲು ಬಂದಿದ್ದರು. ಅವರು ಬಹಳವಾಗಿ ಯೋಚಿಸಿ, 1957ನೆಯ ಮಾರ್ಚ್ 21ರಂದು ಆಸ್ಪತ್ರೆಯ ಮಂಚದ ಬಳಿಯಲ್ಲಿ ವಿವಾಹವನ್ನು ನಡಿಸಿ, ಕರ್ತನ ಭೋಜನವನ್ನು ಕೊಟ್ಟರು. ಸಭೆಯ ಕ್ರಮಕ್ಕೆ ಇದು ಸರಿಯೋ ಎಂದು ಆಗಲೂ ಚರ್ಚೆಯಿತ್ತು, ಈಗಲೂ ಇರಬಹುದು. ಸಾಯುವವಳ ಮಂಚದ ಬಳಿಯಲ್ಲಿ ನಿಂತ ಆ ಪಾದ್ರಿಯವರನ್ನು ಖಂಡಿಸಲು ನಮಗೆ ಬಾಯಿ ಬರುವದಿಲ್ಲ.

ಸಾಯಲಿಕ್ಕೆಂದೇ ಅವರನ್ನು ಏಪ್ರಿಲಿನಲ್ಲಿ ಲೂಯಿಸರ ಮನೆಗೆ ತಂದರು. ದಾದಿಯರು ನೋಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಲೂಯಿಸರ ಅಣ್ಣನಾದ ವಾರ್ನಿ ಎಂಬವರೂ ಇದ್ದರು. ಇಬ್ಬರು ಹುಡುಗರೂ ಇದ್ದರು. ತಾನು ಬಾಲ್ಯದಲ್ಲಿ ಕಂಡದ್ದನ್ನೇ ಈಗ ಈ ಹುಡುಗರು ಕಾಣಬೇಕಾಗಿದೆಯೆಂಬದು ಲೂಯಿಸರ ಎದೆಯನ್ನು ಚುಚ್ಚಿತು. ಆದರೆ ದಿನಗಳು ಕಳೆದಂತೆ ಮರಣವು ಬರಲಿಲ್ಲ. ನೋವು ಇಳಿಯಿತು, ಎಲುಬಿನಲ್ಲಿ ಸುಣ್ಣದ ಅಂಶವು ಮತ್ತೆ ಕೂಡಿಕೊಂಡು ಗಟ್ಟಿಯಾಗತೊಡಗಿತು. ಆ ವರುಷ ಮುಗಿಯುವದರೊಳಗೆ ಅವರು ಕೋಲೂರಿ ನಡೆದಾಡಿದರು. ಮುರಿದ ಕಾಲು ಸುಮಾರು 3 ಅಂಗುಲ ಗಿಡ್ಡವಾಗಿ ನಿಂತದ್ದರಿಂದ ಎತ್ತರದ ಪಾದರಕ್ಷೆ ಬೇಕಾಯಿತು. ಕುಂಟುತ್ತಲೇ ಅವರು ಮನೆಯನ್ನೆಲ್ಲ ರಿಪೇರಿ ಮಾಡಿಸಿದರು.

ಇದೇ ಸಮಯದಲ್ಲಿ ಯಾರೂ ಎಣಿಸದೆ ಇದ್ದ ಒಂದು ಸಂಗತಿ ನಡೆಯಿತು. ಆರೋಗ್ಯವಂತರಾಗಿದ್ದ ಲೂಯಿಸರಿಗೆ ಬೆನ್ನಿನಲ್ಲಿ ಕಠಿಣವಾದ ನೋವು ಹುಟ್ಟಿತು. ಎಲುಬುಗಳು ಸುಣ್ಣದ ಅಂಶವನ್ನು ಕಳಕೊಂಡು ಟೊಳ್ಳಾಗುತ್ತಿವೆಯೆಂದು ವೈದ್ಯರು ಕಂಡುಹಿಡಿದರು. ಅವರು ಸೊಂಟಕ್ಕೆ ಗಟ್ಟಿಯಾದ ಪಟ್ಟಿ ಕಟ್ಟಿಕೊಳ್ಳಬೇಕಾಯಿತು. ಪಟ್ಟಿಯಿಂದ ತನಗೆ ಯೌವನದ ಮೈಕಟ್ಟು ಬಂದಿದೆಯೆಂದು ಅವರು ಹಾಸ್ಯಮಾಡುತ್ತಿದ್ದರು. ಹೆಂಡತಿಯ ನೋವಿನಲ್ಲಿ ಒಂದು ಪಾಲು ತನ್ನ ಮೈಗೆ ಬರಲೆಂದು ಅವರು ಬೇಡಿಕೊಂಡಿದ್ದರು. ಆಕೆಯ ಎಲುಬು ತುಂಬುತ್ತಿರುವಷ್ಟು ವೇಗವಾಗಿ ತನ್ನದು ಬರಿದಾಗುತ್ತಿದೆಯೆಂದು ಅವರು ಸ್ನೇಹಿತರಿಗೆ ಬರೆದು, ಅದಕ್ಕಾಗಿ ಸಂತೋಷಪಟ್ಟರು. ನಾವು ಇದಕ್ಕೆ ಅರ್ಥ ಹೇಳಲು ಧೈರ್ಯಪಡುವದಿಲ್ಲ. ಆ ವಯಸ್ಸಿನಲ್ಲಿ ಇಂಥ ರೋಗವು ಇತರರಿಗೂ ಬರುವದುಂಟು. ರೋಗಿಯನ್ನು ಆರೈಕೆ ಮಾಡುವವನ ದೇಹವೂ ಸವೆಯುತ್ತದೆಂಬದನ್ನು ಮಾತ್ರ ನಾವು ಬಲ್ಲೆವು; ನಮ್ಮ ಸಭೆಗಳಲ್ಲಿ ರೋಗಿಯನ್ನು ವಿಚಾರಿಸುವವರು ಹತ್ತು ಮಂದಿಯಾದರೆ, ರೋಗಿಯ ಗಂಡನು ಉಂಡನೋ ಇಲ್ಲವೋ ಎಂದು ಕೇಳುವವರು ಒಬ್ಬರೂ ಇರುವದಿಲ್ಲ.

ಈ ಗುಣವನ್ನು ಲೂಯಿಸರು ಊರೆಲ್ಲ ಡಂಗುರ ಸಾರಲಿಲ್ಲ. 1959ರಲ್ಲಿ ಪ್ರಾರ್ಥನೆಯ ಫಲದ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ತೊಡೆಯ ಎಲುಬು ಸವೆದುಹೋದ ಒಬ್ಬ ಸ್ತ್ರೀಯು ಪ್ರಾರ್ಥನೆಯ ನಂತರ ನಡೆದಾಡಿದ್ದನ್ನು ಹೆಸರು ಹೇಳದೆ ತಿಳಿಸಿ, ಇದನ್ನು ಮುರಿಯಲಾಗದ ರುಜುವಾತೆಂದು ಯಾರೂ ಹೇಳಲಾರರೆಂದೂ ಒಪ್ಪಿಕೊಂಡರು. ಗೆತ್ಸೇಮನೆಯಲ್ಲಿ ಕರ್ತನೇ ಬೇಡಿಕೊಂಡ ಪಾತ್ರೆಯು ತೊಲಗಲಿಲ್ಲವೆಂಬದನ್ನು ಅವರು ಅಲ್ಲಿ ನೆನಪಿಗೆ ತಂದರು. ಆಶ್ಚರ್ಯಕಾರ್ಯಗಳನ್ನು ಪ್ರಚುರಪಡಿಸಲು ಆತುರಪಡುವ ನಮ್ಮ ಕೆಲವು ಸಹೋದರರು ಈ ಪ್ರಬಂಧವನ್ನು ಓದಿದರೆ ಲೇಸು.

ಅದೇ ವರುಷ ಅಕ್ಟೋಬರಿನಲ್ಲಿ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ರೋಗವು ತಿರುಗಿ ಬಂದಿರುವದು ಕಂಡಿತು. ಚಿಕಿತ್ಸೆ ಮತ್ತೆ ಪ್ರಾರಂಭವಾಯಿತು. ಗ್ರೀಸ್ ದೇಶವನ್ನು ನೋಡಬೇಕೆಂಬ ಆಶೆಯು ಜಾಯ್ ಅಮ್ಮನವರಿಗೆ ಬಹುಕಾಲದಿಂದ ಇತ್ತು. 1960ರ ಏಪ್ರಿಲಿನಲ್ಲಿ ಸ್ನೇಹಿತರಾದ ಗ್ರೀನ್ ದಂಪತಿಗಳೊಂದಿಗೆ ಅಲ್ಲಿಗೆ ಹೋದರು. ಪೌಲನು ಸುವಾರ್ತೆ ಸಾರಿದ ಅಥೇನೆ ಪಟ್ಟಣದಲ್ಲಿ ಆ ಕುಂಟುಕಾಲಿನಲ್ಲಿಯೇ ಅಕ್ರೊಪೊಲಿಸ್ ಗುಡ್ಡವನ್ನು ಹತ್ತಿದರು. ಮನೆಗೆ ಬಂದ ಮೇಲೆ ಮೇ 20ರಂದು ಮತ್ತೊಂದು ಶಸ್ತ್ರಕ್ರಿಯೆಯಾಯಿತು. ಜುಲೈ 13ರ ಬೆಳಗಿನ ಜಾವದಲ್ಲಿ ಸಹಿಸಲಾರದ ನೋವಿನಿಂದ ಕೂಗಿಕೊಂಡರು. ಆಸ್ಪತ್ರೆಗೆ ಸೇರಿಸಿದ ಮೇಲೆ ಆ ರಾತ್ರಿ ಗಂಡನ ಎದುರಿನಲ್ಲಿ ಕಣ್ಣುಮುಚ್ಚಿದರು. ವಯಸ್ಸು 45.

ಆಮೇಲೆ ಲೂಯಿಸರು ಬಹಳ ಕುಗ್ಗಿದರು. ದೇವರಿದ್ದಾನೋ ಎಂಬ ಸಂದೇಹಕ್ಕಿಂತ, ದೇವರು ಕ್ರೂರನೋ ಎಂಬ ಭಯವೇ ಅವರನ್ನು ಹೆಚ್ಚಾಗಿ ಪೀಡಿಸಿತು. ಯೋಬನು ಬೂದಿಯಲ್ಲಿ ಕೂತು ಆಡಿದ ಮಾತುಗಳನ್ನು ಬಲ್ಲವರು ಇದಕ್ಕೆ ಬೆಚ್ಚಿಬೀಳಬಾರದು. ಮನೆಯಲ್ಲಿ ಸಿಕ್ಕಿದ ಖಾಲಿ ಪುಸ್ತಕಗಳಲ್ಲಿ ತನ್ನ ದುಃಖವನ್ನು ದಿನದಿನವೂ ಬರೆದಿಟ್ಟರು. ಬರೆಯುತ್ತಾ ಹೋದ ಹಾಗೆ ಮುಚ್ಚಿದ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆದಂತೆ ಅವರಿಗೆ ತೋರಿತು. ಆ ಬರಹವು 1961ರಲ್ಲಿ ಎನ್. ಡಬ್ಲ್ಯು. ಕ್ಲಾರ್ಕ್ ಎಂಬ ಕಲ್ಪಿತ ಹೆಸರಿನಿಂದ ಅಚ್ಚಾಯಿತು. ಹುಡುಗರನ್ನು ಸಾಕುವ ಹೊಣೆಯನ್ನು ಅವರು ಬಿಡಲಿಲ್ಲ. ಮೂತ್ರಪಿಂಡಗಳ ರೋಗದಿಂದ ಬಳಲಿ, 1963ನೆಯ ನವೆಂಬರ್ 22ರಂದು ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರಿನಿಂದ ಆ ಚಿಕ್ಕ ಪುಸ್ತಕವು ಪ್ರಕಟವಾದದ್ದು ಮರಣದ ನಂತರವೇ. ಅದಕ್ಕೆ ಮುಂಚೆ, ಬರೆದವರು ಯಾರೆಂದು ತಿಳಿಯದ ಕೆಲವು ಸ್ನೇಹಿತರು, ಹೆಂಡತಿಯನ್ನು ಕಳಕೊಂಡ ಲೂಯಿಸರಿಗೆ ಇದರಿಂದ ಆದರಣೆಯಾದೀತೆಂದು ಅದೇ ಪುಸ್ತಕದ ಪ್ರತಿಗಳನ್ನು ಅವರಿಗೆ ಕಳುಹಿಸಿಕೊಟ್ಟಿದ್ದರು.